ಉಳುವವನ ಹಕ್ಕಿಗೆ ದನಿಯಾದ ಕಲ್ಲಹಳ್ಳಿಯ ಬೇಸಾಯಗಾರ

ಹಳೆಯ ಮೈಸೂರು ಸಂಸ್ಥಾನದಲ್ಲಿ ರಾಜಕೀಯವೆಂಬುದು ಬಹುಕಾಲ ವಕೀಲರ, ಪಟ್ಟಣದ ವಿದ್ಯಾವಂತರ ವ್ಯವಹಾರವಾಗಿತ್ತು. 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆ ಸಾಮಾನ್ಯ ರೈತನಿಗೆ ದೂರವೇ ಉಳಿದಿತ್ತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಡೆದ ಧ್ವಜ ಸತ್ಯಾಗ್ರಹ ಚಳವಳಿಯನ್ನು ಹೊಲಗದ್ದೆಗಳ ನಡುವೆ ತಂದಿತು. ದೇವರಾಜ ಅರಸು ಸಾರ್ವಜನಿಕ ಜೀವನಕ್ಕೆ ಕಾಲಿಟ್ಟದ್ದು ಇದಾದ ಕೆಲವೇ ವರ್ಷಗಳಲ್ಲಿ.

ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದ ತರುಣ ಸರ್ಕಾರಿ ಚಾಕರಿಯನ್ನು ಅರಸದೆ, ಊರಿಗೆ ಮರಳಿ ಬೇಸಾಯಕ್ಕೆ ಇಳಿದರು. 1941ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. 1952ರ ಮೊದಲ ಮಹಾಚುನಾವಣೆಯಲ್ಲಿ ಹುಣಸೂರಿನಿಂದ ಗೆದ್ದರು. ಅವರ ಸಮುದಾಯ ರಾಜಮನೆತನಕ್ಕೆ ಹತ್ತಿರವಾದರೂ ಸಂಖ್ಯೆಯಲ್ಲಿ ತೀರ ಚಿಕ್ಕದು. 1972ರಲ್ಲಿ ಮುಖ್ಯಮಂತ್ರಿಯಾದ ಅವರು ಬಲವನ್ನು ಹುಡುಕಿದ್ದು ಹಿಂದುಳಿದವರಲ್ಲಿ, ಭೂಮಿಯಿಲ್ಲದವರಲ್ಲಿ.

ಭೂಸುಧಾರಣೆ ಅವರ ಕಾಲಕ್ಕೆ ಹೊಸದೇನೂ ಅಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. 1961ರ ಕಾನೂನೂ ಇತ್ತು. ಆದರೆ ಸ್ವಂತ ಸಾಗುವಳಿಯ ಹೆಸರಿನಲ್ಲಿ ಒಡೆಯ ಜಮೀನನ್ನು ಹಿಂದಕ್ಕೆ ಪಡೆಯಲು ಅದರಲ್ಲಿ ದಾರಿಯಿತ್ತು. ಮೇಲಾಗಿ ಹಳ್ಳಿಯ ಗೇಣಿ ಬಹುಪಾಲು ಬಾಯಿಮಾತಿನದು. ತಲೆಮಾರುಗಳಿಂದ ಉತ್ತವನ ಕೈಯಲ್ಲಿ ಚೀಟಿಯೊಂದೂ ಇರುತ್ತಿರಲಿಲ್ಲ. ಕಾಗದ ಕೇಳುವ ನ್ಯಾಯಾಲಯದಲ್ಲಿ ಅವನು ಗೆಲ್ಲುವುದು ಹೇಗೆ?

1974ರ ತಿದ್ದುಪಡಿ ಈ ಗಂಟನ್ನು ಬಿಡಿಸಲೆತ್ನಿಸಿತು. ಆ ವರ್ಷದ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುವವನು ಫಾರಂ 7ರಲ್ಲಿ ಅರ್ಜಿ ಹಾಕಿ ತನ್ನ ಹಕ್ಕನ್ನು ಕೇಳಬಹುದಾಯಿತು. ಅರ್ಜಿಯ ವಿಚಾರಣೆ ತಾಲ್ಲೂಕಿನ ಭೂನ್ಯಾಯಮಂಡಳಿಯದು. ಅಧಿಕಾರಿಯ ಜೊತೆ ಅಧಿಕಾರೇತರ ಸದಸ್ಯರೂ ಅಲ್ಲಿ ಕುಳಿತರು. ವಕೀಲರಿಗೆ ಪ್ರವೇಶವಿರಲಿಲ್ಲ. ಹೀಗಾಗಿ ಫೀಜು ಕೊಡಲಾರದ ಗೇಣಿದಾರನೂ ತನ್ನ ಮಾತನ್ನು ತಾನೇ ಹೇಳಬಹುದಾಗಿತ್ತು.

ಫಲ ಎಲ್ಲೆಡೆ ಒಂದೇ ಆಗಿರಲಿಲ್ಲ. ಗೇಣಿ ಪದ್ಧತಿ ಬಲವಾಗಿದ್ದ ಕರಾವಳಿ, ಮಲೆನಾಡುಗಳಲ್ಲಿ ಬದಲಾವಣೆ ಎದ್ದು ಕಂಡಿತು. ಸ್ವಂತ ಜಮೀನಿನ ರೈತರೇ ಹೆಚ್ಚಿದ್ದ ಮಂಡ್ಯದಂಥ ಕಡೆ ಅದು ಕಡಿಮೆ. ಗೇಣಿಯೂ ಇಲ್ಲದ ಕೂಲಿಯಾಳಿಗೆ ದೊರೆತದ್ದು ಅಲ್ಪ. ತುಂಡು ಭೂಮಿಯ ಗೇಣಿಯನ್ನೇ ನಂಬಿದ್ದ ವಿಧವೆಯರೂ ಸಣ್ಣ ಒಡೆಯರೂ ನೆಲೆ ಕಳೆದುಕೊಂಡದ್ದುಂಟು. ಅನೇಕ ಪ್ರಕರಣಗಳು ಹೈಕೋರ್ಟಿಗೆ ಹೋಗಿ ವರ್ಷಗಟ್ಟಲೆ ಎಳೆದವು.

1980ರಲ್ಲಿ ಅಧಿಕಾರ ಬಿಟ್ಟ ಅರಸು 1982ರ ಜೂನ್ 6ರಂದು ನಿಧನರಾದರು. 2020ರ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅವಕಾಶ ನೀಡಿದಾಗ, ಭೂಮಿ ಯಾರದೆಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಉಳುವವನ ಮಾತೂ ಸಾಕ್ಷಿಯೆಂದು ಒಪ್ಪಿದ 1974ರ ಕಾನೂನು ಆ ಚರ್ಚೆಯಲ್ಲಿ ಇಂದಿಗೂ ಅಳತೆಗೋಲಾಗಿ ನಿಂತಿದೆ.