ಮೂರು ವರ್ಷ ತುಂಬಿದ ಸ್ಕೂಟರ್

ಬ್ರಿಟನ್ನಿನಲ್ಲಿ ಸ್ಕೂಟರ್ ರಸ್ತೆಗಿಳಿದು ಮೂರು ವರ್ಷ ತುಂಬಿತೆಂದರೆ ಅಲ್ಲಿಂದ ಮುಂದೆ ಪ್ರತಿ ವರ್ಷ ಅದು ಪರೀಕ್ಷೆಗೆ ನಿಲ್ಲಬೇಕು. ಜನರ ಬಾಯಲ್ಲಿ ಈ ಪರೀಕ್ಷೆಯ ಹೆಸರು ‘ಎಂಒಟಿ’. ಮಿನಿಸ್ಟ್ರಿ ಆಫ್ ಟ್ರಾನ್ಸ್‌ಪೋರ್ಟ್ ಎಂಬ ಸಾರಿಗೆ ಸಚಿವಾಲಯದ ಮೊದಲಕ್ಷರಗಳು ಅವು. ಸಚಿವಾಲಯದ ಹೆಸರು ಆಮೇಲೆ ಬದಲಾಯಿತು, ಪರೀಕ್ಷೆಯ ಹೆಸರು ಹಾಗೇ ಉಳಿಯಿತು. ಅರ್ನೆಸ್ಟ್ ಮಾರ್ಪಲ್ಸ್ ಸಾರಿಗೆ ಸಚಿವರಾಗಿದ್ದಾಗ, 1960ರಲ್ಲಿ ಇದು ಶುರುವಾಯಿತು. ಆಗ ಹತ್ತು ವರ್ಷ ದಾಟಿದ ವಾಹನಗಳಿಗಷ್ಟೇ ಪರೀಕ್ಷೆ. ನೋಡುತ್ತಿದ್ದುದು ಬ್ರೇಕು, ದೀಪ, ಸ್ಟಿಯರಿಂಗು ಮಾತ್ರ. ಅಷ್ಟಕ್ಕೇ ನಪಾಸಾದ ಗಾಡಿಗಳ ಸಂಖ್ಯೆ ಕಂಡು ಮರುವರ್ಷವೇ ವಯಸ್ಸಿನ ಮಿತಿಯನ್ನು ಏಳಕ್ಕೆ ಇಳಿಸಿದರು, 1967ರಲ್ಲಿ ಮೂರಕ್ಕೆ. ಅದರ ಮುಂದಿನ ವರ್ಷ ಟಯರೂ ಪಟ್ಟಿಗೆ ಸೇರಿತು.

ಪರೀಕ್ಷೆ ನಡೆಯುವುದು ಸರ್ಕಾರಿ ಕಚೇರಿಯಲ್ಲೇನೂ ಅಲ್ಲ. ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡಿನಲ್ಲಿ ಡಿವಿಎಸ್‌ಎ ಎಂಬ ಸರ್ಕಾರಿ ಸಂಸ್ಥೆಯಿಂದ ಅನುಮತಿ ಪಡೆದ ಖಾಸಗಿ ಗ್ಯಾರೇಜುಗಳೇ ಇದನ್ನು ಮಾಡುತ್ತವೆ. 200 ಸಿಸಿವರೆಗಿನ ದ್ವಿಚಕ್ರಗಳದ್ದು ಒಂದನೇ ವರ್ಗ, ಹೆಚ್ಚಿನ ಸ್ಕೂಟರುಗಳು ಅದರಲ್ಲೇ ಬರುತ್ತವೆ. ಗ್ಯಾರೇಜಿನವರು ಪಡೆಯಬಹುದಾದ ಗರಿಷ್ಠ ಶುಲ್ಕ 29 ಪೌಂಡ್ 65 ಪೆನ್ಸ್. ಪರೀಕ್ಷಕ ಕಣ್ಣಿಂದ ನೋಡುತ್ತಾನೆ, ಕೈಯಿಂದ ಅಲ್ಲಾಡಿಸುತ್ತಾನೆ, ಬ್ರೇಕಿನ ಬಲ ಅಳೆಯುತ್ತಾನೆ. ಸ್ಕ್ರೂಡ್ರೈವರ್ ಹಿಡಿದು ಏನನ್ನೂ ಬಿಚ್ಚುವಂತಿಲ್ಲ. ಮೈತುಂಬ ಪ್ಲಾಸ್ಟಿಕ್ ಹೊದಿಕೆ ತೊಟ್ಟ ಸ್ಕೂಟರಿನ ಮಟ್ಟಿಗೆ ಇದು ದೊಡ್ಡ ಮಿತಿ. ಹೊದಿಕೆಯ ಹಿಂದೆ ತುಕ್ಕು ತಿನ್ನುತ್ತಿದ್ದರೂ ಹೊರಗೆ ಕಾಣದಿದ್ದರೆ ಗಾಡಿ ಪಾಸು.

ಸಿಕ್ಕ ದೋಷಗಳನ್ನು 2018ರ ಮೇ ತಿಂಗಳಿಂದ ಅಪಾಯಕಾರಿ, ಗಂಭೀರ, ಚಿಕ್ಕದು ಎಂದು ವಿಂಗಡಿಸಲಾಗುತ್ತಿದೆ. ಮೊದಲೆರಡರಲ್ಲಿ ಒಂದಿದ್ದರೂ ನಪಾಸು. ಚಿಕ್ಕ ದೋಷವಿದ್ದರೆ ಪಾಸು, ಆದರೆ ಬೇಗ ಸರಿಪಡಿಸಿಕೊಳ್ಳಬೇಕು. ಇವುಗಳ ಜೊತೆಗೆ ‘ಸಲಹೆ’ ಎಂಬ ಇನ್ನೊಂದು ಕಾಲಂ ಇದೆ. ಬ್ರೇಕ್ ಪ್ಯಾಡ್ ಸವೆಯುತ್ತಾ ಬಂದಿದೆ, ಟಯರಿನಲ್ಲಿ ಸಣ್ಣ ಬಿರುಕು ಕಾಣುತ್ತಿದೆ ಎಂಬಂಥ ಮಾತುಗಳು ಅಲ್ಲಿ ದಾಖಲಾಗುತ್ತವೆ. ಹಳೆಯ ಸ್ಕೂಟರ್ ಕೊಳ್ಳುವವರಿಗೆ ಪಾಸು ನಪಾಸಿಗಿಂತ ಈ ಕಾಲಮ್ಮೇ ಹೆಚ್ಚು ವಿಷಯ ಹೇಳುತ್ತದೆ.

ಕಾರುಗಳಲ್ಲಿ ಮೊದಲ ಯತ್ನಕ್ಕೆ ನಪಾಸಾಗುವವು ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ದ್ವಿಚಕ್ರಗಳಲ್ಲಿ ಐದರಲ್ಲಿ ಒಂದಕ್ಕಿಂತ ಕಡಿಮೆ. ಆ ನಪಾಸುಗಳಿಗೆ ವರ್ಷ ವರ್ಷವೂ ಮೊದಲ ಕಾರಣವಾಗಿ ನಿಲ್ಲುವುದು ದೀಪಗಳು. ಓದುಗರಿಗೆ ಇದು ಸಪ್ಪೆ ಅನಿಸಬಹುದು, ಆದರೆ ಕಾರಣ ಸರಳ. ಬಲ್ಬು ಸುಟ್ಟುಹೋದರೂ ಸ್ಕೂಟರ್ ಓಡುತ್ತದೆ, ಮತ್ತು ಹಿಂದಿನ ದೀಪ ಸವಾರನಿಗೆ ಕಾಣುವುದೇ ಇಲ್ಲ. ಹೀಗೆ ಕೈಕೊಡುವ ದೀಪಗಳಲ್ಲಿ ಬ್ರೇಕ್ ಲೈಟೂ ಒಂದು. 1986ರ ಏಪ್ರಿಲ್ 1ರಿಂದೀಚೆಗೆ ರಸ್ತೆಗಿಳಿದ ದ್ವಿಚಕ್ರದಲ್ಲಿ ಮುಂದಿನ ಬ್ರೇಕ್ ಹಿಡಿದರೂ ಹಿಂದಿನದನ್ನು ಹಿಡಿದರೂ ಅದು ಹೊತ್ತಿಕೊಳ್ಳಬೇಕು. ಗೇರಿಲ್ಲದ ಸ್ಕೂಟರಿನಲ್ಲಿ ಎರಡು ಲಿವರುಗಳ ಬುಡದಲ್ಲೂ ಬೆರಳುಗುರಿನಷ್ಟು ಪುಟ್ಟ ಸ್ವಿಚ್ಚು ಇರುತ್ತದೆ. ಮಳೆನೀರು ಇಳಿದು ಅದರ ತಾಮ್ರ ಹಸಿರುಗಟ್ಟಿದರೆ ಒಂದು ಲಿವರಿಗೆ ದೀಪ ಹೊತ್ತುತ್ತದೆ, ಇನ್ನೊಂದಕ್ಕೆ ಇಲ್ಲ. ಒಬ್ಬನೇ ಪರೀಕ್ಷಿಸಿಕೊಳ್ಳುವವನು ಸಾಮಾನ್ಯವಾಗಿ ಒಂದೇ ಲಿವರ್ ಹಿಡಿದು ಗೋಡೆಯ ಮೇಲೆ ಕೆಂಪು ಬೆಳಕು ಬಿತ್ತೆಂದು ಸಮಾಧಾನಪಡುತ್ತಾನೆ. ನಪಾಸಾಗುವುದು ಆ ಇನ್ನೊಂದು ಲಿವರಿನಿಂದ.

ಹಳೆಯ ಟೂ ಸ್ಟ್ರೋಕ್ ವೆಸ್ಪಾಗಳ ದೀಪದ ತಾಪತ್ರಯ ಬೇರೆಯದೇ ಬಗೆಯದು. ಅವುಗಳಲ್ಲಿ ದೀಪಕ್ಕೆ ಕರೆಂಟು ಬರುವುದು ಬ್ಯಾಟರಿಯಿಂದಲ್ಲ, ಎಂಜಿನ್ ತಿರುಗಿದಾಗ ಹುಟ್ಟುವ ಎಸಿಯಿಂದ. ಗಾಡಿ ನಿಂತಲ್ಲೇ ಮಿಣಮಿಣ, ಆಕ್ಸಲರೇಟರ್ ತಿರುಗಿಸಿದರೆ ಝಗ್ಗನೆ. ರೆಗ್ಯುಲೇಟರ್ ಇಲ್ಲದ ಆರು ವೋಲ್ಟಿನ ಮಾದರಿಗಳಲ್ಲಿ ಒಂದು ಬಲ್ಬು ಸುಟ್ಟರೆ ಅದರ ಪಾಲಿನ ಕರೆಂಟು ಉಳಿದ ಬಲ್ಬುಗಳ ಮೇಲೆ ಬಿದ್ದು ಅವೂ ಒಂದೊಂದಾಗಿ ಹೋಗುತ್ತವೆ. ಹೆಡ್‌ಲೈಟಿನ ದಿಕ್ಕೂ ಪರೀಕ್ಷೆಯ ಭಾಗ. ಡಿಮ್ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದೆ ತಗ್ಗಿ ಬೀಳಬೇಕು. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು.

ಬ್ರೇಕಿನ ವಿಷಯದಲ್ಲಿ ಅಲ್ಲಿನ ಹವೆಯ ಪಾತ್ರ ದೊಡ್ಡದು. ಚಳಿಗಾಲದಲ್ಲಿ ರಸ್ತೆ ಹಿಮಗಟ್ಟದಂತೆ ಕಲ್ಲುಪ್ಪು ಚೆಲ್ಲುತ್ತಾರೆ. ಚಕ್ರ ಎರಚುವ ಉಪ್ಪುನೀರು ಡಿಸ್ಕ್ ಬ್ರೇಕಿನ ಕ್ಯಾಲಿಪರ್ ಒಳಗೆ ಸೇರಿ ಪಿಸ್ಟನ್ನನ್ನೂ ಕ್ಯಾಲಿಪರ್ ಸರಿದಾಡುವ ಪಿನ್ನನ್ನೂ ತಿನ್ನುತ್ತದೆ. ಆಗ ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಉಳಿಯುತ್ತದೆ, ಇಲ್ಲವೇ ಒಂದು ಬದಿಯ ಪ್ಯಾಡ್ ಮಾತ್ರ ಸವೆಯುತ್ತದೆ. ಡ್ರಮ್ ಬ್ರೇಕಿನಲ್ಲಿ ಉಪ್ಪಿನ ಕಾಟ ಕಡಿಮೆ, ಕೇಬಲ್ಲಿನದು ಹೆಚ್ಚು. ಕೇಬಲ್ ಜಗ್ಗಿ ಉದ್ದವಾದಂತೆ ಲಿವರ್ ಹ್ಯಾಂಡಲಿಗೆ ತಾಗುವವರೆಗೂ ಬರುತ್ತದೆ. ಶೂ ಹಿಗ್ಗಿಸುವ ಕ್ಯಾಮು ಗ್ರೀಸ್ ಇಲ್ಲದೆ ಬಿಗಿದುಕೊಂಡರೆ ಹಿಡಿದ ಬ್ರೇಕು ಬಿಟ್ಟರೂ ಬಿಡುವುದಿಲ್ಲ.

ಕೈಯ ಅಂದಾಜಿಗೆ ಇಲ್ಲಿ ಬೆಲೆಯಿಲ್ಲ. ಸ್ಕೂಟರಿನ ಚಕ್ರವನ್ನು ಎರಡು ಉರುಳೆಗಳ ನಡುವೆ ಕೂರಿಸಿ, ಉರುಳೆ ತಿರುಗಿಸಿ, ಬ್ರೇಕ್ ಹಿಡಿದಾಗ ಎಷ್ಟು ಬಲ ಬಂತೆಂದು ಯಂತ್ರ ಅಳೆಯುತ್ತದೆ. ಗಾಡಿ ಮತ್ತು ಸವಾರನ ಒಟ್ಟು ತೂಕಕ್ಕೆ ಹೋಲಿಸಿದರೆ ಎರಡು ಬ್ರೇಕುಗಳಲ್ಲಿ ಒಂದು ಶೇ 30, ಇನ್ನೊಂದು ಶೇ 25 ಬಲ ತೋರಿಸಬೇಕು. ಉತ್ತಮ ಸ್ಥಿತಿಯ ಸ್ಕೂಟರಿಗೆ ಇದೇನೂ ಕಷ್ಟವಲ್ಲ. ವರ್ಷವಿಡೀ ಮುಂದಿನ ಬ್ರೇಕಿಗೆ ಹೆದರಿ ಹಿಂದಿನದನ್ನಷ್ಟೇ ಹಿಡಿಯುವವರ ಗಾಡಿಗಳು ಇಲ್ಲಿ ಸಿಕ್ಕಿಬೀಳುವುದುಂಟು. ಬಳಸದ ಬ್ರೇಕು ಬಳಸಿದ ಬ್ರೇಕಿಗಿಂತ ಬೇಗ ಕೆಡುತ್ತದೆ. ಬ್ರೇಕ್ ಆಯಿಲ್ ನೀರು ಹೀರಿ ಕೆಟ್ಟಿದೆಯೇ ಎಂಬುದನ್ನು ಮಾತ್ರ ಯಾರೂ ಅಳೆಯುವುದಿಲ್ಲ. ಪರೀಕ್ಷೆ ಪಾಸಾದ ಸ್ಕೂಟರಿನಲ್ಲೂ ಅದನ್ನು ಕಾಲಕಾಲಕ್ಕೆ ಬದಲಿಸುವುದು ಮಾಲೀಕನ ಹೊಣೆ.

ಟಯರಿನ ಲೆಕ್ಕ ಸ್ಕೂಟರಿಗೆ ಸ್ವಲ್ಪ ಅನ್ಯಾಯದ್ದೇ. ಹತ್ತಿಂಚು ರಿಮ್ಮಿಗೆ ಕೂರುವ ಮೂರೂವರೆ ಇಂಚಿನ ಟಯರು ಒಂದು ಕಿಲೋಮೀಟರ್ ಸಾಗಲು ಸುಮಾರು 740 ಸುತ್ತು ಹಾಕುತ್ತದೆ. ಹದಿನೇಳಿಂಚು ರಿಮ್ಮಿನ ಮೋಟರ್‌ಸೈಕಲ್ ಟಯರಿಗೆ ಸುಮಾರು 530 ಸುತ್ತು ಸಾಕು. ಚಿಕ್ಕ ಟಯರಿನ ಪ್ರತಿ ಅಂಗುಲವೂ ಹೆಚ್ಚು ಸಲ ನೆಲಕ್ಕೆ ಉಜ್ಜುತ್ತದೆ. ಎಂಜಿನ್ನಿನ ಭಾರವೂ ಹಿಂದಿನ ಚಕ್ರದ ಮೇಲೆಯೇ ಇರುವುದರಿಂದ ಅದರ ನಡುಭಾಗ ಬೇಗ ಬೋಳಾಗುತ್ತದೆ. 50 ಸಿಸಿ ಮೀರಿದ ಗಾಡಿಗಳಲ್ಲಿ ಟಯರಿನ ಅಗಲದ ಮುಕ್ಕಾಲು ಭಾಗದಲ್ಲಿ, ಸುತ್ತಲೂ, ಕನಿಷ್ಠ ಒಂದು ಮಿಲಿಮೀಟರ್ ಆಳದ ಗೆರೆ ಇರಬೇಕು. 50 ಸಿಸಿ ಮತ್ತು ಅದಕ್ಕೂ ಚಿಕ್ಕವಕ್ಕೆ ಗೆರೆಗಳ ವಿನ್ಯಾಸ ಕಣ್ಣಿಗೆ ಕಂಡರೂ ಸಾಕು. ಕಡಿಮೆ ಓಡಿದ ಸ್ಕೂಟರುಗಳದ್ದು ಇದಕ್ಕೆ ತಿರುಗುಮುರುಗು: ಗೆರೆ ಹೊಸದರಂತಿರುತ್ತದೆ, ರಬ್ಬರು ಮಾತ್ರ ವಯಸ್ಸಾಗಿ ಪಕ್ಕದಲ್ಲಿ ಸೀಳಿರುತ್ತದೆ.

ಇದೇ ಚಿಕ್ಕ ಚಕ್ರ ಗುಂಡಿಗೆ ಹೆಚ್ಚು ಆಳಕ್ಕೆ ಇಳಿಯುತ್ತದೆ, ಏಟು ನೇರವಾಗಿ ಹ್ಯಾಂಡಲಿನ ಬುಡದ ಬೇರಿಂಗಿಗೆ ತಲುಪುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಕೋನ್‌ಸೆಟ್ ಎನ್ನುವುದು ಇದನ್ನೇ. ಪರೀಕ್ಷಕ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿಸುತ್ತಾನೆ. ನಡುವೆ ‘ಕಟ್’ ಎಂದು ಹಿಡಿದು ಬಿಟ್ಟಂತಾದರೆ ಗುಂಡುಗಳು ಬಟ್ಟಲಿನಲ್ಲಿ ತಗ್ಗು ಮಾಡಿವೆ ಎಂದರ್ಥ. ಹಿಂಬದಿಯಲ್ಲಿ ನೋಡಬೇಕಾದ್ದು ಬೇರೆ. ಹೆಚ್ಚಿನ ಸ್ಕೂಟರುಗಳಲ್ಲಿ ಎಂಜಿನ್ನು, ಗೇರು, ಹಿಂದಿನ ಚಕ್ರ ಒಂದೇ ಗಟ್ಟಿಯಾಗಿ ಬೆಸೆದುಕೊಂಡು ಒಂದು ಕೀಲಿನ ಮೇಲೆ ಮೇಲೆ ಕೆಳಗೆ ಆಡುತ್ತವೆ. ಆ ಕೀಲಿನ ರಬ್ಬರ್ ಬುಷ್ ಹೋದರೆ ತಿರುವಿನಲ್ಲಿ ಹಿಂಬದಿ ತನ್ನಷ್ಟಕ್ಕೆ ತಾನು ವಾಲಾಡುತ್ತದೆ, ಸವಾರ ಟಯರಿನ ಗಾಳಿಯನ್ನು ದೂರುತ್ತಾನೆ. ಚಕ್ರ ಹಿಡಿದು ಅಡ್ಡಲಾಗಿ ಜಗ್ಗಿದರೆ ಅರ್ಧ ನಿಮಿಷದಲ್ಲಿ ತಿಳಿಯುವ ದೋಷ ಇದು. ವೆಸ್ಪಾಕ್ಕೆ ಇನ್ನೂ ಒಂದು ವಿಶೇಷವಿದೆ. 1946ರಲ್ಲಿ ಅದನ್ನು ರೂಪಿಸಿದ ಕೊರ್ರಾದಿನೊ ದಾಸ್ಕಾನಿಯೊ ವಿಮಾನದ ಎಂಜಿನಿಯರ್. ಮುಂದಿನ ಚಕ್ರವನ್ನು ವಿಮಾನದ ಗಾಲಿಯಂತೆ ಒಂದೇ ಬದಿಯಿಂದ ಹಿಡಿದ. ಪಂಕ್ಚರ್ ಆದಾಗ ಬಿಚ್ಚಲು ಸುಲಭ, ಆದರೆ ಆ ಬದಿಯ ಬೇರಿಂಗಿನ ಅಲುಗಾಟವನ್ನು ಪರೀಕ್ಷಕ ವಿಶೇಷ ಗಮನದಿಂದ ನೋಡುತ್ತಾನೆ. ವೆಸ್ಪಾದ ಮೈಯೇ ಅದರ ಚಾಸಿ. ಕಾಲಿಡುವ ಜಾಗದ ಮ್ಯಾಟಿನ ಕೆಳಗೆ ನೀರು ನಿಂತು ತಗಡು ತೂತು ಬಿದ್ದರೆ ಚಾಸಿಯೇ ತೂತಾದಂತೆ. ಪುಟ್ಟಿ ತುಂಬಿ ಬಣ್ಣ ಬಳಿದರೆ ನಡೆಯುವುದಿಲ್ಲ, ವೆಲ್ಡಿಂಗೇ ಆಗಬೇಕು.

ಉಳಿದವು ಚಿಲ್ಲರೆ ಎನ್ನಬಹುದಾದ ಕಾರಣಗಳು: ಕೂಗದ ಹಾರ್ನ್, ಅಕ್ಷರಗಳ ನಡುವಿನ ಅಂತರ ಬದಲಿಸಿ ಶೋಕಿ ಮಾಡಿದ ನಂಬರ್ ಪ್ಲೇಟು, ‘ರಸ್ತೆ ಬಳಕೆಗಲ್ಲ’ ಎಂದು ಮೈಮೇಲೆಯೇ ಅಚ್ಚೊತ್ತಿಸಿಕೊಂಡ ರೇಸಿಂಗ್ ಸೈಲೆನ್ಸರು. ಕೊನೆಯದನ್ನು ಹಾಕಿಕೊಂಡು ಪರೀಕ್ಷೆಗೆ ಬರುವವರೂ ಇದ್ದಾರೆ.

ಇಷ್ಟೆಲ್ಲ ನೋಡುವ ಪರೀಕ್ಷೆ ಎಂಜಿನ್ನನ್ನಾಗಲಿ ಕ್ಲಚ್ಚನ್ನಾಗಲಿ ನೋಡುವುದೇ ಇಲ್ಲ. ನಂಬಿಕೆಗೆ ಅರ್ಹವಾದ ಸ್ಕೂಟರ್ ಎಂದು ಜನ ಕರೆಯುವುದು ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ, ನಡುದಾರಿಯಲ್ಲಿ ನಿಲ್ಲದೆ ಮನೆ ಮುಟ್ಟಿಸುವ ಗಾಡಿಯನ್ನು. ಎಂಒಟಿ ಕೇಳುವ ಪ್ರಶ್ನೆ ಆ ಗಾಡಿ ಬೇಕಾದಾಗ ನಿಲ್ಲುತ್ತದೆಯೇ ಎಂಬುದು. ಗೇರಿಲ್ಲದ ಸ್ಕೂಟರನ್ನು ನಡುದಾರಿಯಲ್ಲಿ ನಿಲ್ಲಿಸುವುದರಲ್ಲಿ ಬೆಲ್ಟಿನದು ದೊಡ್ಡ ಪಾಲು. ಎಂಜಿನ್ನಿನ ಶಕ್ತಿ ಎರಡು ರಾಟೆಗಳ ನಡುವಿನ ರಬ್ಬರ್ ಬೆಲ್ಟಿನ ಮೂಲಕ ಚಕ್ರಕ್ಕೆ ಹೋಗುತ್ತದೆ. ಮುಂದಿನ ರಾಟೆಯೊಳಗಿನ ಪುಟ್ಟ ರೋಲರುಗಳು ವೇಗ ಏರಿದಂತೆ ಹೊರಕ್ಕೆ ಸರಿದು ಬೆಲ್ಟನ್ನು ಮೇಲೇರಿಸುತ್ತವೆ. ರೋಲರುಗಳು ಒಂದು ಬದಿ ಚಪ್ಪಟೆಯಾದರೆ ಗಾಡಿ ಹೊರಡುವಾಗ ಎಳೆದೆಳೆದು ಹೋಗುತ್ತದೆ, ಮೇಲಿನ ವೇಗ ಕುಗ್ಗುತ್ತದೆ. ಬೆಲ್ಟ್ ಹರಿದರೆ ಎಂಜಿನ್ ಕೂಗುತ್ತದೆ, ಗಾಡಿ ಕದಲುವುದಿಲ್ಲ. ಇಂತಿಷ್ಟು ಕಿಲೋಮೀಟರಿಗೆ ಬದಲಿಸಿ ಎಂದು ಕೈಪಿಡಿಯಲ್ಲಿ ಬರೆದಿದ್ದರೂ ಮುಚ್ಚಳದ ಹಿಂದಿರುವ ಬೆಲ್ಟು ಹರಿಯುವವರೆಗೆ ನೆನಪಾಗುವುದು ಕಡಿಮೆ. ಲಂಡನ್ನಿನಂಥ ನಗರಗಳಲ್ಲಿ 125 ಸಿಸಿ ಸ್ಕೂಟರಿನ ಮೇಲೆ ಊಟ ತಲುಪಿಸುವವರು ಮಾತ್ರ ಇದನ್ನು ಮರೆಯುವಂತಿಲ್ಲ. ಅವರ ಗಾಡಿಗೆ ವಿಶ್ರಾಂತಿ ಇಲ್ಲ.

ಇದಕ್ಕೆ ತದ್ವಿರುದ್ಧ ಕಾಯಿಲೆ ಚಳಿಗಾಲವಿಡೀ ಶೆಡ್ಡಿನಲ್ಲಿ ನಿಂತ ಸ್ಕೂಟರಿನದು. ಬ್ಯಾಟರಿ ಇಳಿದಿರುತ್ತದೆ, ಕಾರ್ಬ್ಯುರೇಟರಿನ ಸೂಜಿತೂತು ಪೆಟ್ರೋಲಿನ ಅಂಟಿನಿಂದ ಮುಚ್ಚಿರುತ್ತದೆ. 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೆ ಎಥನಾಲ್ ಬೆರೆಯುತ್ತಿದೆ. ಅದು ತೇವ ಹೀರುತ್ತದೆ, ಹಳೆಯ ಸ್ಕೂಟರುಗಳ ರಬ್ಬರ್ ಪೈಪನ್ನೂ ತಿನ್ನುತ್ತದೆ. ಇಂಥ ಗಾಡಿ ವರ್ಷಕ್ಕೊಮ್ಮೆ ಹೇಗೋ ಹೊತ್ತಿಕೊಂಡು ಪರೀಕ್ಷೆ ಪಾಸಾಗಿ ಮತ್ತೆ ಶೆಡ್ಡು ಸೇರಬಹುದು.

ಆದ್ದರಿಂದ ಪಾಸು ನಪಾಸುಗಳ ಅಂಕಿಯಿಂದ ಯಾವ ಕಂಪನಿಯ ಸ್ಕೂಟರ್ ಗಟ್ಟಿ ಎಂದು ತೀರ್ಮಾನಿಸುವುದು ಆತುರದ ಕೆಲಸ. ದುಬಾರಿ ವೆಸ್ಪಾವನ್ನು ಒರೆಸಿ ಹೊಳಪಿಟ್ಟು ಭಾನುವಾರ ಮಾತ್ರ ಓಡಿಸುವವನ ಗಾಡಿಯೂ ದಿನಕ್ಕೆ ಹತ್ತು ಗಂಟೆ ದುಡಿಯುವ ಗಾಡಿಯೂ ಒಂದೇ ಪಟ್ಟಿಯಲ್ಲಿ ಕೂರುತ್ತವೆ. ನಿರ್ದಿಷ್ಟ ಗಾಡಿಯೊಂದರ ಮಟ್ಟಿಗಾದರೆ ದಾಖಲೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನಂಬರ್ ಕೊಟ್ಟರೆ ಸರ್ಕಾರದ ಜಾಲತಾಣದಲ್ಲಿ 2005ರಿಂದೀಚೆಗಿನ ಫಲಿತಾಂಶ, ಪ್ರತಿ ಸಲದ ಮೀಟರ್ ಓದು, ನಪಾಸಿನ ಕಾರಣ ಎಲ್ಲವೂ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ಕೋನ್‌ಸೆಟ್ ಸಡಿಲ ಎಂಬ ಸಲಹೆ ಮೂರು ವರ್ಷ ಸತತ ಬಂದಿದ್ದರೆ ಮಾಲೀಕನ ಸ್ವಭಾವವೂ ತಿಳಿದಂತಾಯಿತು.

ಕರ್ನಾಟಕದ ಸ್ಕೂಟರ್ ಸವಾರನಿಗೆ ಈ ವ್ಯವಸ್ಥೆ ತಲೆಕೆಳಗಾಗಿ ಕಾಣುವುದು ಸಹಜ. ಎಂಒಟಿಯಲ್ಲಿ ದ್ವಿಚಕ್ರಗಳಿಗೆ ಹೊಗೆ ಪರೀಕ್ಷೆಯೇ ಇಲ್ಲ. ಇಲ್ಲಿ ಖಾಸಗಿ ಸ್ಕೂಟರಿಗೆ ನಿಯಮಿತವಾಗಿ ನಡೆಯುವ ಏಕೈಕ ಪರೀಕ್ಷೆ ಎಂದರೆ ಹೊಗೆಯದೇ, ಬಂಕಿನ ಪಕ್ಕದ ಎಮಿಷನ್ ಟೆಸ್ಟ್. ಬಿಎಸ್ 4 ಮತ್ತು ನಂತರದ ಗಾಡಿಗೆ ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ ಆರು ತಿಂಗಳಿಗೊಮ್ಮೆ. ಬ್ರೇಕು, ಟಯರು, ದೀಪಗಳನ್ನು ಆರ್‌ಟಿಒ ಕಚೇರಿ ನೋಡುವುದು ನೋಂದಣಿಯ 15 ವರ್ಷ ಮುಗಿದ ಮೇಲೆ ಎಫ್‌ಸಿಗೆ ಹೋದಾಗ, ಆಮೇಲೆ ಐದು ವರ್ಷಕ್ಕೊಮ್ಮೆ.

ಎರಡೂ ಪದ್ಧತಿಗಳನ್ನು ಕಂಡ ಸ್ಕೂಟರುಗಳಿವೆ. ಇಟಲಿಯ ಇನ್ನೊಚೆಂಟಿ ಕಂಪನಿಯ ಯಂತ್ರಗಳನ್ನು 1972ರಲ್ಲಿ ಕೊಂಡ ಲಖನೌದ ಸ್ಕೂಟರ್ಸ್ ಇಂಡಿಯಾ ತಯಾರಿಸಿದ ಲ್ಯಾಂಬ್ರೆಟ್ಟಾಗಳು ಬ್ರಿಟನ್ನಿಗೂ ಹೋದವು. ಅವುಗಳಲ್ಲಿ 40 ವರ್ಷ ದಾಟಿದವಕ್ಕೆ, ಮೂಲರೂಪ ಹೆಚ್ಚು ಬದಲಾಗದಿದ್ದರೆ, ಈಗ ಪರೀಕ್ಷೆಯಿಂದ ವಿನಾಯಿತಿ ಇದೆ. ಕಾನ್ಪುರದ ಎಲ್‌ಎಂಎಲ್ ಕಾರ್ಖಾನೆಯಿಂದ ಆಮೇಲೆ ಹೋದ ಸ್ಟಾರ್ ಸ್ಕೂಟರುಗಳಿಗೆ ಆ ವಯಸ್ಸಾಗಿಲ್ಲ. ಅವು ಪ್ರತಿ ವರ್ಷ ಆ ಉರುಳೆಗಳ ಮೇಲೆ ಹತ್ತಿ ಎರಡೂ ಬ್ರೇಕುಗಳಿಗೆ ಬ್ರೇಕ್ ಲೈಟ್ ತೋರಿಸಬೇಕು.