ಹಳೆಯ ಮನೆಯ ಖರೀದಿ: ಕರಾರಿಗೆ ಮುನ್ನ ಛಾವಣಿಯ ಲೆಕ್ಕ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲದ ಪೇಟೆಬೀದಿಗಳಲ್ಲಿ ಮಾರಾಟಕ್ಕೆ ಬರುವ ಹಳೆಯ ಮನೆಗಳ ಮುಂಭಾಗ ಹೆಂಚಿನದೋ ತಾರಸಿಯದೋ ಆಗಿದ್ದರೂ, ಹಿತ್ತಲಿನ ಬಚ್ಚಲು, ಕೊಟ್ಟಿಗೆ, ಉಗ್ರಾಣಗಳಿಗೆ ಬೂದುಬಣ್ಣದ ಶೀಟು ಹೊದಿಸಿರುವುದುಂಟು. ಜನರ ಬಾಯಲ್ಲಿ ಅದು ‘ಸಿಮೆಂಟ್ ಶೀಟು’. ಅಂತಹ ಶೀಟಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಸುಮಾರು 10 ಪಾಲು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಬೆರೆತಿರುತ್ತದೆ. ಕೊಳ್ಳುವವರು ಋಣಭಾರ ಪತ್ರ, ಖಾತೆ, ಕಂದಾಯ ರಸೀದಿಗಳನ್ನು ಜಾಗರೂಕತೆಯಿಂದ ಪರಿಶೀಲಿಸುತ್ತಾರೆ. ಛಾವಣಿಯ ಶೀಟನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ.

ಅಪಾಯ ಎಲ್ಲಿದೆ?

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ಉಸಿರಿನೊಡನೆ ಒಳಹೊಕ್ಕ ನಾರಿನಿಂದ ಉಂಟಾಗುವ ರೋಗವು 20ರಿಂದ 40 ವರ್ಷಗಳ ನಂತರ ಕಾಣಿಸಿಕೊಳ್ಳಬಹುದು. 60ಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ. ಭಾರತದಲ್ಲಿ ಬಿಳಿ ಕಲ್ನಾರಿನ ಶೀಟಿಗೆ ಅಂತಹ ನಿಷೇಧವಿಲ್ಲ; ನಿಷೇಧ ಕೋರಿದ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ವಜಾ ಮಾಡಿತು. ಆದ್ದರಿಂದ ಶೀಟು ಹೊದಿಸಿದ ಮನೆಯ ಮಾರಾಟ ಕಾನೂನುಬದ್ಧವಾದದ್ದೇ.

ಬಿರುಕಿಲ್ಲದ, ಗಟ್ಟಿಯಾದ ಶೀಟಿನಿಂದ ನಾರು ಹೊರಬೀಳುವುದು ಅತ್ಯಲ್ಪ. ಒಡೆದಾಗ, ಕೊರೆದಾಗ, ಗ್ರೈಂಡರಿನಿಂದ ಕತ್ತರಿಸಿದಾಗ, ಪಾಚಿ ತೆಗೆಯಲು ಒಣಗಿದ ಶೀಟನ್ನು ಉಜ್ಜಿದಾಗ ಧೂಳು ಏಳುತ್ತದೆ. ಮನೆ ಕೊಂಡವರು ದುರಸ್ತಿಗೆ ಕೈಹಾಕುವ ದಿನಗಳಲ್ಲಿಯೇ ಅಪಾಯ ಹೆಚ್ಚು.

ಕಾನೂನಿನ ನೋಟ

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೇ ಕಲಮಿನ ಪ್ರಕಾರ, ತನಗೆ ತಿಳಿದಿದ್ದು ಕೊಳ್ಳುವವರಿಗೆ ತಿಳಿಯದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷಗಳನ್ನು ಮಾರುವವನು ತಿಳಿಸತಕ್ಕದ್ದು. ಛಾವಣಿಯಾದರೋ ಕಣ್ಣಿಗೆ ಕಾಣುವಂಥದು. ಕ್ರಯಪತ್ರ ನೋಂದಣಿಯಾದ ಮೇಲೆ ‘ನನಗೆ ತಿಳಿಸಲಿಲ್ಲ’ ಎಂಬ ತಕರಾರು ನಿಲ್ಲುವುದು ಕಷ್ಟ. ಗೋಡೆಯೊಳಗಿನ ಕೊಳವೆ, ಒಳಮಾಳಿಗೆಯ ಹಲಗೆಗಳ ವಿಷಯವನ್ನು ಕರಾರಿಗೆ ಮುನ್ನ ಲಿಖಿತವಾಗಿ ಕೇಳುವುದು ಲೇಸು. ಕಲ್ನಾರಿಲ್ಲದ ಶೀಟುಗಳೂ ನೋಡಲು ಹಾಗೆಯೇ ಇರುವುದರಿಂದ, ಸಂಶಯವಿದ್ದರೆ ಪ್ರಯೋಗಾಲಯದ ಪರೀಕ್ಷೆಯೇ ಖಚಿತ ದಾರಿ.

ಬೆಲೆಯ ಲೆಕ್ಕ

ಶೀಟು ಬದಲಿಸಲು 2 ಲಕ್ಷ ರೂ. ತಗಲುವುದಾದರೆ, 20 ಲಕ್ಷಕ್ಕೆ ಕೊಂಡ ಮನೆಯ ವಾಸ್ತವ ಬೆಲೆ 22 ಲಕ್ಷ. ಈ ವ್ಯತ್ಯಾಸವನ್ನು ಮುಂಗಡ ಕೊಡುವ ಮುನ್ನ ಚರ್ಚಿಸಿದರೆ ಮಾತ್ರ ಪ್ರಯೋಜನ. ಛಾವಣಿಯನ್ನು ಪೂರ್ಣವಾಗಿ ಬದಲಿಸಿದ ವೆಚ್ಚವನ್ನು ಮುಂದೆ ಮನೆ ಮಾರುವಾಗ ಬಂಡವಾಳ ಲಾಭದ ಲೆಕ್ಕದಲ್ಲಿ ಸುಧಾರಣಾ ವೆಚ್ಚವಾಗಿ ತೋರಿಸಲು ಅವಕಾಶವಿದೆ. ಬಿಲ್ಲು ಮತ್ತು ಬ್ಯಾಂಕ್ ಪಾವತಿಯ ದಾಖಲೆಗಳನ್ನು ಜೋಪಾನವಾಗಿಡಬೇಕು. ಸಣ್ಣಪುಟ್ಟ ದುರಸ್ತಿಗೆ ಈ ಸೌಲಭ್ಯವಿಲ್ಲ.

ಈ ಸೀಮೆಯಲ್ಲಿ ಮತ್ತೊಂದು ಅಂಶವೂ ಉಂಟು. ಶ್ರೀರಂಗಪಟ್ಟಣದ ಕೋಟೆಯೊಳಗಿನ ಸ್ಮಾರಕಗಳು, ನಾಗಮಂಗಲದ ಸೌಮ್ಯಕೇಶವ ದೇವಾಲಯ, ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು ಲಕ್ಷ್ಮೀನಾರಾಯಣ ದೇವಾಲಯಗಳಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳಿಂದ 100 ಮೀಟರ್ ನಿಷೇಧಿತ ವಲಯ. ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ಇಲ್ಲಿ ಛಾವಣಿಯ ಕೆಲಸಕ್ಕೂ ಅನುಮತಿ ಬೇಕಾಗಬಹುದು. ಅದಕ್ಕೆ ಹಿಡಿಯುವ ಕಾಲವನ್ನೂ ಕರಾರಿನ ಅವಧಿಗೆ ಸೇರಿಸಿಕೊಳ್ಳುವುದು ವಿವೇಕ.

ತೆಗೆಯುವ ಕ್ರಮ

ಶೀಟಿಗೆ ನೀರು ಚಿಮುಕಿಸಿ, ಬೋಲ್ಟುಗಳನ್ನು ಸಡಿಲಿಸಿ, ಒಡೆಯದೆ ಇಡಿಯಾಗಿ ಇಳಿಸಬೇಕು. ಹಳೆಯ ಶೀಟು ಕಾಲಿಟ್ಟೊಡನೆ ಕುಸಿಯಬಲ್ಲದು. ಅಡ್ಡಹಲಗೆಯಿಲ್ಲದೆ ಆಳುಗಳನ್ನು ಹತ್ತಿಸಬಾರದು. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಸೂಕ್ಷ್ಮ ಧೂಳು ತಡೆಯುವ ಮುಖಗವಸು ಅಗತ್ಯ. ತುಂಡುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು, ವಿಲೇವಾರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಲಹೆ ಪಡೆಯಬೇಕು. ನಾಲೆಯ ಏರಿಗೆ ಸುರಿಯುವುದಾಗಲಿ, ನೆರೆಯವರ ದನದ ಕೊಟ್ಟಿಗೆಗೆ ಕೊಡುವುದಾಗಲಿ ಅಪಾಯವನ್ನು ಇನ್ನೊಬ್ಬರ ಮೇಲೆ ಹೊರಿಸಿದಂತೆಯೇ.

ಗಟ್ಟಿಯಾಗಿರುವ ಶೀಟನ್ನು ಭಯದಿಂದ ಕೀಳಿಸಬೇಕಿಲ್ಲ. ಮುಟ್ಟದೆ ಬಿಟ್ಟು ವರ್ಷಕ್ಕೊಮ್ಮೆ ಪರಿಶೀಲಿಸಿದರೆ ಸಾಕು. ಕೀಳಿಸುವುದು ಅನಿವಾರ್ಯವಾದಲ್ಲಿ ಅದರ ವೆಚ್ಚವು ಖರೀದಿಯ ಲೆಕ್ಕದಲ್ಲಿ ಮೊದಲೇ ಸೇರಿರಬೇಕು.