ರಾತ್ರಿ ಪಾಳಿ ಮತ್ತು ಒಂದು ಹಾಳೆ

ತಿಮ್ಮಾಪುರದ ಓದುಗರೊಬ್ಬರು ಫೋನ್ ಮಾಡಿ ಕೇಳಿದ ಪ್ರಶ್ನೆ ಇದು: "ನಮ್ಮ ತಮ್ಮ ಸಕ್ರಿ ಫ್ಯಾಕ್ಟರ್ಯಾಗ ಪಾಳಿ ಮ್ಯಾಲ ದುಡೀತಾನ್ರಿ. ಹ್ವಾದ ವರ್ಷ ತಲಿ ಕೆಟ್ಟಿತ್ತು. ಮೂರ್ಮೂರು ದಿನ ನಿದ್ದಿ ಇರಲಿಲ್ಲ, ಮಾತೇ ಮಾತು. ಗುಳಿಗಿ ತಗೊಂಡು ಈಗ ಆರಾಮ ಅದಾನ. ಡಾಕ್ಟರು ಒಂದು ಹಾಳಿ ಕೊಟ್ಟು, ನಿನ್ನ ಆರೋಗ್ಯದ ಪ್ಲ್ಯಾನ್ ನೀನ ಬರಕೊಂಡು ಬಾ ಅಂದಾರ. ಹಾಳಿ ಮ್ಯಾಲ ಬರದರ ನೌಕರಿ ಉಳೀತದೇನ್ರಿ?"

ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳಿಗೇನೂ ಬರವಿಲ್ಲ. ಹುಡುಗ ದುಡಿಯುವುದು ಯಾವುದರಲ್ಲಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಂಗಾಮು ಶುರುವಾದರೆ ಎಲ್ಲ ಕಡೆಯೂ ಕತೆ ಒಂದೇ. ಕಬ್ಬು ಕಡಿದ ಮೇಲೆ ಕಾಯುವುದಿಲ್ಲ, ಒಣಗುತ್ತಾ ಸಕ್ಕರೆ ಅಂಶ ಕಳೆದುಕೊಳ್ಳುತ್ತದೆ. ಹಾಗಾಗಿ ಹಗಲೂ ರಾತ್ರಿ ಗಾಣ ತಿರುಗಲೇಬೇಕು, ಮೂರು ಪಾಳಿಯಲ್ಲಿ ಜನ ದುಡಿಯಲೇಬೇಕು.

ಓದುಗರ ಅನುಮಾನ ನ್ಯಾಯವಾದದ್ದೇ. 'ವೆಲ್‌ನೆಸ್' ಎಂಬ ಹೆಸರಿನಲ್ಲಿ ನೌಕರರಿಗೆ ಮಾರುತ್ತಿರುವ ಸರಕನ್ನು ನೋಡಿದರೆ ಯಾರಿಗಾದರೂ ಅನುಮಾನ ಬರಬೇಕು. ಬೆಂಗಳೂರಿನ ಕಂಪನಿಗಳಲ್ಲಿ ಧ್ಯಾನದ ಆ್ಯಪ್, ಹೆಜ್ಜೆ ಎಣಿಸುವ ಕೈಪಟ್ಟಿ, ಶುಕ್ರವಾರ ಮಧ್ಯಾಹ್ನದ 'ಒತ್ತಡ ನಿರ್ವಹಣೆ' ಉಪನ್ಯಾಸ ಎಲ್ಲ ಉಂಟು. ಇವುಗಳಿಂದ ಲಾಭವಿದೆಯೇ ಎಂದು ಅಮೆರಿಕದಲ್ಲಿ ಗಟ್ಟಿಯಾಗಿಯೇ ಪರೀಕ್ಷಿಸಿದರು. ಒಂದು ದೊಡ್ಡ ಮಳಿಗೆ ಸರಣಿಯ 160 ಶಾಖೆಗಳು, ಸುಮಾರು 33,000 ನೌಕರರು. ಯಾವ ಶಾಖೆಗೆ ಕಾರ್ಯಕ್ರಮ, ಯಾವುದಕ್ಕಿಲ್ಲ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದರು. ಒಂದೂವರೆ ವರ್ಷದ ಮೇಲೆ ನೋಡಿದಾಗ ಕಾರ್ಯಕ್ರಮ ನಡೆದ ಶಾಖೆಗಳ ನೌಕರರು ವ್ಯಾಯಾಮ ಹೆಚ್ಚು ಮಾಡುತ್ತೇವೆ, ತೂಕದ ಬಗ್ಗೆ ಎಚ್ಚರ ವಹಿಸುತ್ತೇವೆ ಎಂದರು. ರಕ್ತದೊತ್ತಡ, ಕೊಲೆಸ್ಟರಾಲ್, ಗೈರುಹಾಜರಿ ಮಾತ್ರ ಎರಡೂ ಕಡೆ ಒಂದೇ ಥರ ಇದ್ದವು. ಜಿರುಯಿ ಸಾಂಗ್ ಮತ್ತು ಕ್ಯಾಥರಿನ್ ಬೈಕರ್ 2019ರಲ್ಲಿ ಪ್ರಕಟಿಸಿದ ಫಲಿತಾಂಶ ಇದು. 2024ರಲ್ಲಿ ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಸಮೀಕ್ಷೆಯನ್ನು ಜಾಲಾಡಿದರು. ಆ್ಯಪ್, ತರಬೇತಿ, ಧ್ಯಾನ ಪಡೆದವರ ಮನಸ್ಥಿತಿ ಪಡೆಯದವರಿಗಿಂತ ಉತ್ತಮವಾಗಿರಲಿಲ್ಲ.

ಡಾಕ್ಟರು ಕೊಟ್ಟ ಹಾಳೆಯ ಕುಲವೇ ಬೇರೆ. ಅದು ಕಂಪನಿಯ ಕಚೇರಿಯಲ್ಲಿ ಹುಟ್ಟಿದ್ದಲ್ಲ, ಕಾಯಿಲೆ ಅನುಭವಿಸಿದವರ ನಡುವೆ ಹುಟ್ಟಿದ್ದು. ಅಮೆರಿಕದ ವರ್ಮಾಂಟ್ ರಾಜ್ಯದ ಮೇರಿ ಎಲೆನ್ ಕೋಪ್‌ಲ್ಯಾಂಡ್ ಎಂಬ ಮಹಿಳೆಯ ತಾಯಿ ತೀವ್ರ ಮನೋರೋಗದಿಂದ ಎಂಟು ವರ್ಷ ಮಾನಸಿಕ ಆಸ್ಪತ್ರೆಯಲ್ಲಿದ್ದರು. ಗುಣವಾಗುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದಾಗ ಆ ತಾಯಿ ಹೊರಬಂದು ಮತ್ತೆ ಕೆಲಸಕ್ಕೆ ಸೇರಿದರು. ಮುಂದೆ ಮಗಳಿಗೂ ಅದೇ ಬಗೆಯ ತೊಂದರೆ ಬಂತು. ಇಂಥ ಕಾಯಿಲೆ ಇರುವವರು ದಿನದಿನ ಹೇಗೆ ಸಂಭಾಳಿಸುತ್ತಾರೆ ಎಂದು ಆಕೆ ಡಾಕ್ಟರನ್ನು ಕೇಳಿದರು. ಅದರ ಬಗ್ಗೆ ಯಾರೂ ಏನೂ ಕಲೆಹಾಕಿರಲಿಲ್ಲ. ಹಾಗಾಗಿ ತಾವೇ ಕಾಯಿಲೆಯವರನ್ನು ಕೇಳುತ್ತಾ, ಬರೆದುಕೊಳ್ಳುತ್ತಾ ಹೋದರು. 1997ರಲ್ಲಿ ಅವರು ನಡೆಸಿದ ಎಂಟು ದಿನಗಳ ಶಿಬಿರದಲ್ಲಿ ಮಹಿಳೆಯೊಬ್ಬರು ಎದ್ದು, ಇಷ್ಟೆಲ್ಲ ಉಪಾಯ ಹೇಳಿದಿರಿ ಸರಿ, ಇದನ್ನು ನನ್ನ ದಿನಚರಿಗೆ ಹೊಂದಿಸುವುದು ಹೇಗೆ ಎಂದು ಕೇಳಿದರಂತೆ. ಉತ್ತರವಾಗಿ ಶಿಬಿರದವರೆಲ್ಲ ಕೂತು ಕಟ್ಟಿದ್ದೇ ಈಗ ರ‍್ಯಾಪ್ ಎಂದು ಹೆಸರಾಗಿರುವ ಯೋಜನೆ. ನಾನು ಚೆನ್ನಾಗಿದ್ದಾಗ ಹೇಗಿರುತ್ತೇನೆ, ಹಾಗಿರಲು ದಿನಾ ಏನು ಮಾಡಬೇಕು, ನನ್ನನ್ನು ಕೆಡಿಸುವ ಸಂಗತಿ ಯಾವುವು, ಕೆಡುವ ಮೊದಲ ಸುಳಿವು ಏನು, ಪೂರ್ತಿ ಕೆಟ್ಟರೆ ಯಾರು ಏನು ಮಾಡಬೇಕು: ಇವಿಷ್ಟನ್ನೂ ತನ್ನದೇ ಮಾತಿನಲ್ಲಿ ಬರೆದಿಡುವುದು.

ಇದನ್ನು ಇಲಿನಾಯ್ ವಿಶ್ವವಿದ್ಯಾಲಯದ ಜೂಡಿತ್ ಕುಕ್ ಒಹಾಯೊದಲ್ಲಿ 519 ಜನರ ಮೇಲೆ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಕಲಿಸಿದವರು ಡಾಕ್ಟರಲ್ಲ, ಕಾಯಿಲೆಯಿಂದ ಚೇತರಿಸಿಕೊಂಡವರೇ. ಕಲಿತವರಲ್ಲಿ ರೋಗಲಕ್ಷಣ ಹೆಚ್ಚು ತಗ್ಗಿತು, ಭರವಸೆ ಹೆಚ್ಚಿತು. ಆದರೆ ಓದುಗರು ಕೇಳಿದ್ದು ನೌಕರಿಯ ಮಾತು. ಅದಕ್ಕೆ ನೇರವಾಗಿ ತಾಗುವ ಪ್ರಯೋಗ ಇನ್ನೂ ಹಳೆಯದು, ನನಗೆ ಬಹಳ ಇಷ್ಟವಾದದ್ದೂ ಹೌದು. 1999ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯ ಆಲಿಸನ್ ಪೆರಿ ಮತ್ತು ಸಂಗಡಿಗರು ಬೈಪೋಲಾರ್, ಅಂದರೆ ಉನ್ಮಾದ ಮತ್ತು ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆಯ 69 ಜನರಲ್ಲಿ ಅರ್ಧದಷ್ಟು ಮಂದಿಗೆ ಒಂದೇ ವಿದ್ಯೆ ಕಲಿಸಿದರು: ನಿನ್ನ ಕಾಯಿಲೆ ಮರಳುವ ಮುನ್ನ ತೋರುವ ಸುಳಿವು ಯಾವುದೆಂದು ಗುರುತಿಸು, ಕಂಡ ಕೂಡಲೇ ಡಾಕ್ಟರ ಹತ್ತಿರ ಹೋಗು. ಹನ್ನೆರಡು ಭೇಟಿಗಿಂತ ಹೆಚ್ಚಿಲ್ಲ. ಈ ವಿದ್ಯೆ ಕಲಿಯದವರ ಗುಂಪಿನಲ್ಲಿ ಕಾಲುಭಾಗ ಜನರಿಗೆ ಉನ್ಮಾದ ಮರುಕಳಿಸಲು 17 ವಾರ ಸಾಕಾಯಿತು. ಕಲಿತವರಲ್ಲಿ ಅಷ್ಟೇ ಪಾಲು ಜನರಿಗೆ ಮರುಕಳಿಸಲು 65 ವಾರ ಹಿಡಿಯಿತು. ಒಂದೂವರೆ ವರ್ಷದ ಹೊತ್ತಿಗೆ ನೌಕರಿಯ ವಿಷಯದಲ್ಲೂ ಕಲಿತವರೇ ಮುಂದಿದ್ದರು. ಖಿನ್ನತೆ ಮರುಕಳಿಸುವುದನ್ನು ಮಾತ್ರ ಇದು ತಡೆಯಲಿಲ್ಲ. ಖಿನ್ನತೆ ಬೆಕ್ಕಿನ ಹೆಜ್ಜೆಯಲ್ಲಿ ಬರುತ್ತದೆ, ಸುಳಿವು ಬಿಟ್ಟುಕೊಡುವುದು ಕಡಿಮೆ.

ಕಾರ್ಖಾನೆಯಲ್ಲಿ ದುಡಿಯುವವರಿಗೆ ಇದೇನೂ ಹೊಸ ವಿಚಾರವಲ್ಲ. ಗಾಣದ ರೋಲರ್ ಒಂದೇ ಏಟಿಗೆ ನಿಲ್ಲುವುದಿಲ್ಲ. ಮೊದಲು ಬೇರಿಂಗ್ ಬಿಸಿಯಾಗುತ್ತದೆ, ಆಮೇಲೆ ಸದ್ದು ಬದಲಾಗುತ್ತದೆ, ಕರೆಂಟು ಹೆಚ್ಚು ಎಳೆಯುತ್ತದೆ. ಹತ್ತು ವರ್ಷ ಅಲ್ಲೇ ನಿಂತವನಿಗೆ ಆ ಸದ್ದು ಮೀಟರಿಗಿಂತ ಮೊದಲೇ ಕೇಳಿಸುತ್ತದೆ. ಅದಕ್ಕೇ ಪ್ರತಿ ಪಾಳಿಯಲ್ಲೂ ಲಾಗ್‌ಬುಕ್ ಬರೆಯುವುದು: ಇಷ್ಟು ಗಂಟೆಗೆ ಇಷ್ಟು ಬಿಸಿ, ಇಷ್ಟು ಒತ್ತಡ, ಎಣ್ಣೆ ಬಿಟ್ಟಿದ್ದೇನೆ. ಲಾಗ್‌ಬುಕ್ಕಿನಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಅದನ್ನು ಬರೆಯುವವನು ಯಂತ್ರದ ಪಕ್ಕ ನಿಂತವನೇ ಹೊರತು ಕಚೇರಿಯಲ್ಲಿ ಕುಳಿತ ಮ್ಯಾನೇಜರ್ ಅಲ್ಲ. ಹಾಗೆಯೇ, ಬೇರಿಂಗ್ ಕಾದಿದೆ ಎಂದು ಬರೆದದ್ದನ್ನು ಓದಿ ಗಾಣ ನಿಲ್ಲಿಸುವ ಅಧಿಕಾರವಿರುವ ಎಂಜಿನಿಯರ್ ಒಬ್ಬ ಇರಬೇಕು. ಅವನಿಲ್ಲದಿದ್ದರೆ ಬರೆದದ್ದು ದಂಡ. ಕಂಪನಿಗಳ ಆ್ಯಪ್‌ಗಳು ಈ ಎರಡರಲ್ಲೂ ಸೋಲುತ್ತವೆ. ಬರೆದದ್ದು ಬೇರೆಯವರು, ಓದಿ ಪಾಳಿ ಬದಲಿಸುವವರು ಯಾರೂ ಇಲ್ಲ.

ಹಾಳೆಯ ಮೇಲೆ ಹೇಗೆ ಬರೆಯಬೇಕು ಎಂಬುದಕ್ಕೂ ವಿಜ್ಞಾನವಿದೆ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಒಂದು ಚಿಕ್ಕ ವರದಿ ಬರೆದು ಕಳಿಸಲು ಹೇಳಿದ್ದರು. ಎಲ್ಲಿ ಕೂತು, ಯಾವಾಗ ಬರೆಯುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಹೆಚ್ಚು ಕಡಿಮೆ ಮುಕ್ಕಾಲು ಪಾಲು ಜನ ಕಳಿಸಿದರು. ಬರೀ 'ಬರೆಯುತ್ತೇನೆ' ಎಂದವರಲ್ಲಿ ಮೂರರಲ್ಲೊಬ್ಬರು. 'ಚೆನ್ನಾಗಿ ನಿದ್ದೆ ಮಾಡಬೇಕು' ಎಂದು ಬರೆದರೆ ಅದು ಹಾರೈಕೆ. 'ಎರಡು ರಾತ್ರಿ ನಾಲ್ಕು ತಾಸಿಗಿಂತ ಕಡಿಮೆ ನಿದ್ದೆ ಆದರೆ ಮರುದಿನ ಬೆಳಿಗ್ಗೆ ಅಣ್ಣನಿಗೆ ಹೇಳಿ ಡಾಕ್ಟರಿಗೆ ಫೋನ್ ಮಾಡುತ್ತೇನೆ' ಎಂದು ಬರೆದರೆ ಅದು ಯೋಜನೆ. ಹೀಗಾದರೆ ಹೀಗೆ ಎಂದು ಮೊದಲೇ ಕಟ್ಟಿಟ್ಟ ಗಂಟು, ಸಂದರ್ಭ ಬಂದಾಗ ಯೋಚಿಸುವ ಶ್ರಮ ತಪ್ಪಿಸುತ್ತದೆ. ತಲೆ ಓಡುವ ವೇಗ ಹೆಚ್ಚಾದಾಗ ಆ ಶ್ರಮವೇ ಕಷ್ಟವಾಗುವುದು.

ನಿದ್ದೆಯನ್ನೇ ಉದಾಹರಣೆಗೆ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಥಾಮಸ್ ವೆರ್ ಎಂಬ ಅಮೆರಿಕನ್ ಮನೋವೈದ್ಯ 1987ರಲ್ಲೇ ವಾದಿಸಿದ್ದರು: ದುಃಖ, ಪ್ರಯಾಣ, ಹೆರಿಗೆ, ಜಗಳ ಹೀಗೆ ಕಾರಣ ಏನೇ ಇರಲಿ, ಉನ್ಮಾದಕ್ಕೆ ಹೋಗುವ ದಾರಿಗಳೆಲ್ಲ ಕೊನೆಗೆ ನಿದ್ದೆಗೇಡಿನ ಒಂದೇ ಹಾದಿಯಲ್ಲಿ ಕೂಡುತ್ತವೆ. ರಾತ್ರಿ ಪಾಳಿ ಎಂದರೆ ಸಂಬಳ ಕೊಟ್ಟು ಮಾಡಿಸುವ ನಿದ್ದೆಗೇಡು. ಮಿದುಳಿನ ತಳದಲ್ಲಿ ಕೂತ ಗಡಿಯಾರ ಕಣ್ಣಿಗೆ ಬೀಳುವ ಬೆಳಕು ನೋಡಿ ದೇಹವನ್ನು ಎಬ್ಬಿಸುತ್ತದೆ. ಬೆಳಿಗ್ಗೆ ಪಾಳಿ ಬಿಟ್ಟು ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಮನೆಗೆ ಬಂದವನಿಗೆ ದೇಹ 'ಏಳು' ಎನ್ನುತ್ತಿರುತ್ತದೆ, ಅವನು ಮಲಗಲು ಹೊರಟಿರುತ್ತಾನೆ. ಮನೆ ತುಂಬ ಮಕ್ಕಳು, ಓಣಿಯಲ್ಲಿ ಟ್ರ್ಯಾಕ್ಟರ್ ಸದ್ದು. ಹಗಲ ನಿದ್ದೆ ತುಂಡು ತುಂಡು.

ಇಲ್ಲಿ ನೌಕರ ಒಬ್ಬನೇ ಮಾಡಬಹುದಾದದ್ದು ಕಡಿಮೆ. ಮಾಡಬೇಕಾದವರು ಮಾಡಿದರೆ ಏನಾಗುತ್ತದೆ ಎಂದು ತೋರಿಸಿದವರು ಚಾರ್ಲ್ಸ್ ಝೈಸ್ಲರ್ ಮತ್ತು ಸಂಗಡಿಗರು. ಅಮೆರಿಕದ ಯೂಟಾ ರಾಜ್ಯದ ಉಪ್ಪಿನ ಸರೋವರದ ದಂಡೆಯಲ್ಲಿ ಪೊಟ್ಯಾಷ್ ತಯಾರಿಸುವ ಕಾರ್ಖಾನೆಯಲ್ಲಿ ಪಾಳಿ ವಾರವಾರಕ್ಕೂ ಹಿಂದುಮುಂದಾಗಿ ತಿರುಗುತ್ತಿತ್ತು: ರಾತ್ರಿ, ಮಧ್ಯಾಹ್ನ, ಬೆಳಿಗ್ಗೆ. ಮನುಷ್ಯನ ಒಳಗಡಿಯಾರದ ಒಂದು ಸುತ್ತು 24 ಗಂಟೆಗಿಂತ ತುಸು ಉದ್ದ. ಹಾಗಾಗಿ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಅವರು ಕ್ರಮವನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಬದಲಿಸಿ, ಕೆಲವರಿಗೆ ಪ್ರತಿ ಪಾಳಿಯನ್ನೂ ಮೂರು ವಾರಕ್ಕೆ ಹಿಗ್ಗಿಸಿದರು. ನೌಕರರ ತೃಪ್ತಿಯೂ ಹೆಚ್ಚಿತು, ಉತ್ಪಾದನೆಯೂ ಹೆಚ್ಚಿತು. ವರದಿ 1982ರದು. ಬದಲಾದದ್ದು ನೋಟಿಸ್ ಬೋರ್ಡಿನ ಮೇಲಿನ ಒಂದು ಪಟ್ಟಿ ಅಷ್ಟೇ.

ಬನಹಟ್ಟಿ, ರಬಕವಿಯ ಮಗ್ಗದವರ ಪಾಡು ಇನ್ನೂ ಬಿಗಿ. ಅಲ್ಲಿ ಪವರ್‌ಲೂಮ್ ಮುಂದೆ ನಿಂತು ನೇಯುವ ಎಷ್ಟೋ ಜನರಿಗೆ ಕೂಲಿ ಸಿಗುವುದು ನೇಯ್ದಷ್ಟಕ್ಕೆ. ಸುಳಿವು ಕಂಡಿತೆಂದು ಎರಡು ದಿನ ಮಲಗಿದರೆ ಆ ವಾರದ ಬಟವಾಡೆಯಲ್ಲಿ ಅಷ್ಟು ಖೋತಾ. ಕೆಲಸಗಾರನ ಯೋಜನೆಯನ್ನು ಓದಬೇಕಾದ ಎಂಜಿನಿಯರ್ ಅಲ್ಲಿ ಇಲ್ಲ, ಮಾಲೀಕ ಮಾತ್ರ ಇದ್ದಾನೆ.

ಹಾಗೆಂದು ಕಾಯಿಲೆ ಬಂದವನು ಕೆಲಸ ಬಿಟ್ಟು ಮನೆಯಲ್ಲಿರಲಿ ಎನ್ನುವುದೂ ತಪ್ಪೇ. ನಿಮ್ಹಾನ್ಸ್‌ನ ಜಗದೀಶ ತೀರ್ಥಳ್ಳಿ ಮತ್ತು ಸಂಗಡಿಗರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಲ್ಲಿ ಗುರುತಿಸಿ ವರ್ಷಗಟ್ಟಲೆ ಗಮನಿಸಿದ್ದಾರೆ. ಚಿಕಿತ್ಸೆ ಪಡೆಯುತ್ತ ತೋಟ, ಗದ್ದೆ, ಮನೆ ಎಂದು ಯಾವುದಾದರೊಂದು ಕೆಲಸದಲ್ಲಿ ತೊಡಗಿದವರು ಅಲ್ಲಿ ಬಹಳ ಮಂದಿ. ಅಮೆರಿಕದಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ 1990ರ ದಶಕದಲ್ಲಿ ರೂಪಿಸಿದ ಪದ್ಧತಿ ಹೇಳುವುದೂ ಇದನ್ನೇ: ಪೂರ್ತಿ ಗುಣವಾಗಲಿ, ತರಬೇತಿ ಮುಗಿಯಲಿ ಎಂದು ಕಾಯಬೇಡಿ, ಮೊದಲು ನಿಜವಾದ ಕೆಲಸ ಕೊಡಿಸಿ, ಆಮೇಲೆ ಜೊತೆಗೆ ನಿಲ್ಲಿ. ಹಲವು ದೇಶಗಳ ಪ್ರಯೋಗಗಳಲ್ಲಿ ಹಳೆಯ ಪದ್ಧತಿಗಿಂತ ಹೆಚ್ಚು ಜನರಿಗೆ ಇದರಿಂದ ಕೆಲಸ ಸಿಕ್ಕಿದೆ.

ಕಾನೂನಿನ ಆಸರೆಯೂ ಸ್ವಲ್ಪ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮನೋರೋಗವನ್ನೂ ಪಟ್ಟಿಯಲ್ಲಿ ಸೇರಿಸಿದೆ. ಸೇವೆಯಲ್ಲಿದ್ದಾಗ ವೈಕಲ್ಯ ಬಂದ ನೌಕರನನ್ನು ಸರ್ಕಾರಿ ಸಂಸ್ಥೆಗಳು ತೆಗೆದುಹಾಕುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮುಂದೆ ಕಾಯಿಲೆ ಬಿದ್ದರೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚೆಯೇ ಬರೆದಿಡುವ ಹಕ್ಕು ಕೊಟ್ಟಿದೆ. ಕೋಪ್‌ಲ್ಯಾಂಡ್ ಅವರ ಹಾಳೆಯ ಕೊನೆಯ ಭಾಗಕ್ಕೆ ನಮ್ಮ ಸಂಸತ್ತು ಮುದ್ರೆ ಒತ್ತಿದಂತೆ ಆಯಿತು. ಇದನ್ನು ಬಳಸಿಕೊಂಡವರು ನಮ್ಮ ಕಡೆ ಅಪರೂಪ.

ತಿಮ್ಮಾಪುರದ ಅಣ್ಣನವರಿಗೆ ನನ್ನ ಉತ್ತರ ಇಷ್ಟು. ತಮ್ಮ ಆರಾಮಾಗಿರುವಾಗಲೇ, ಹಂಗಾಮು ಶುರುವಾಗುವ ಮುನ್ನ ಬರೆಯಲಿ. ಹೋದ ವರ್ಷ ಮೊದಲು ಕಂಡದ್ದೇನು ಎಂದು ಅವನಿಗಿಂತ ಅವನ ಹೆಂಡತಿಗೆ, ಅವ್ವಗೆ ಚೆನ್ನಾಗಿ ನೆನಪಿರುತ್ತದೆ, ಅವರನ್ನೂ ಕೂರಿಸಿಕೊಳ್ಳಲಿ. ನಡುರಾತ್ರಿ ಗೆಳೆಯರಿಗೆ ಫೋನ್ ಹಚ್ಚಿದ್ದೇ? ಉದ್ರಿ ಮೇಲೆ ಹೊಸ ಮೊಬೈಲ್ ತಂದದ್ದೇ? ಅವರವರ ಸುಳಿವು ಅವರವರದೇ. ಗುಳಿಗೆ ನಿಲ್ಲಿಸುವುದಿಲ್ಲ ಎಂಬ ಸಾಲು ಇರಲಿ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ ಟೆಲಿ-ಮನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ, ಆ ನಂಬರೂ ಹಾಳೆಯಲ್ಲಿರಲಿ. ಎಲ್ಲ ಬರೆದ ಮೇಲೆ ಡಾಕ್ಟರಿಂದ ಇನ್ನೊಂದು ಚೀಟಿ ಕೇಳಿ: ಇವರಿಗೆ ರಾತ್ರಿ ಪಾಳಿ ಬೇಡ ಎಂದು. ಕಾಯಿಲೆಯ ಹೆಸರು ಅದರಲ್ಲಿ ಇರಲೇಬೇಕೆಂದಿಲ್ಲ. ಆ ಚೀಟಿಯನ್ನು ಪಾಳಿ ಪಟ್ಟಿ ಬರೆಯುವವರ ಕೈಗೇ ಕೊಡಿ, ಮತ್ತು ಕೊಟ್ಟದ್ದಕ್ಕೆ ಸಹಿ ತಗೊಳ್ಳಿ.